ಕಾರು ಹೋಗದ ನಡುಗಡ್ಡೆ

ನನ್ನ ಹೆಂಡತಿಯ ತಂಗಿಯ ಗಂಡ ನನಗೆ ಕನ್ನಡದಲ್ಲಿ ಷಡ್ಡಕ, ತೆಲುಗಿನಲ್ಲಿ ತೋಡಲ್ಲುಡು, ನಮ್ಮ ಓಣಿಯ ಉರ್ದುವಿನಲ್ಲಿ ಸಾಡೂ. ಯಾವ ಭಾಷೆಯಲ್ಲಿ ಕರೆದರೂ ನನ್ನ ಹೊಟ್ಟೆ ಒಂದೇ ನಮೂನೆ ಉರಿಯುತ್ತದೆ. ಆದೋನಿಯ ಹತ್ತಿ ಮಾರ್ಕೆಟ್ಟಿನ ಹತ್ತಿರ ಅವನಿಗೆ ಬೀಜ-ಗೊಬ್ಬರದ ಅಂಗಡಿ. ಹೋದ ದಸರೆಗೆ ಬಿಳಿ ಕಾರು ತಂದ. ನಾನು ದಿನಾ ಬೆಳಿಗ್ಗೆ ಬಸ್ಸು ಹತ್ತಿ ಕೌತಾಳಂಗೆ ಹೋಗಿ, ಅಲ್ಲಿನ ಸರ್ಕಾರಿ ಕಚೇರಿಯಲ್ಲಿ ಕುಳಿತು, ಸಂಜೆ ಮತ್ತೆ ಬಸ್ಸಿಗೆ ನೇತಾಡಿಕೊಂಡು ಬರುವ ಮನುಷ್ಯ. ಸ್ವಂತದ್ದು ಅಂತ ಒಂದು ಹಳೆಯ ಬೈಕಿದೆ.

ಬರೀ ಕಾರಿನ ಉರಿಯಾಗಿದ್ದರೆ ನಾಲ್ಕು ದಿನಕ್ಕೆ ಆರುತ್ತಿತ್ತು. ಊರಲ್ಲಿ ಕಾರಿಗೇನು ಬರವೇ? ನನ್ನ ಉರಿ ಬೇರೆ. ಈ ಮನುಷ್ಯ ಮೊದಲು ಹೆಣ್ಣು ನೋಡಲು ಬಂದದ್ದು ನನ್ನ ಹೆಂಡತಿಯನ್ನು. ಜಾತಕ ಕೂಡಲಿಲ್ಲ ಅಂತ ಆ ಮಾತು ಅಲ್ಲಿಗೇ ನಿಂತಿತಂತೆ. ಆಮೇಲೆ ನಾನು ಹೋದೆ, ನೋಡಿದೆ, ಮದುವೆಯಾದೆ. ಎರಡು ವರ್ಷ ಕಳೆದ ಮೇಲೆ ಅದೇ ಮನುಷ್ಯ ಅದೇ ಮನೆಯ ಹೊಸ್ತಿಲು ತುಳಿದು ತಂಗಿಯನ್ನು ಮಾಡಿಕೊಂಡ. ಆಕೆಯ ಜಾತಕ ಕೂಡಿತು! ನಮ್ಮ ಕಡೆ ಇದು ಹೊಸದೇನಲ್ಲ. ಅಕ್ಕನಿಗೆ ಬಂದ ಸಂಬಂಧ ತಂಗಿಗೆ ಆಗುವುದುಂಟು, ಯಾರೂ ಅದನ್ನು ಮತ್ತೆ ಮಾತಿಗೆ ತೆಗೆಯುವುದಿಲ್ಲ. ನಾನೂ ತೆಗೆದವನಲ್ಲ. ಆದರೆ ಅವತ್ತು ಜಾತಕ ಕೂಡಿದ್ದರೆ ಆಕೆ ಖುಷಿಯಿಂದ ಅವನ ಮನೆಗೆ ಹೋಗುತ್ತಿದ್ದಳೇ, ಅದು ತಪ್ಪಿತು ಅಂತ ನನ್ನನ್ನು ಒಪ್ಪಿಕೊಂಡಳೇ, ಇದೊಂದು ನನಗೆ ಗೊತ್ತಾಗಬೇಕಿತ್ತು. ಹನ್ನೆರಡು ವರ್ಷವಾದರೂ ಕೇಳುವ ಧೈರ್ಯ ಬರಲಿಲ್ಲ. ಅದರ ಬದಲು ಬೇರೆ ಏನೇನೋ ಕೇಳುತ್ತಿದ್ದೆ.

ಕಾರು ತಂದ ಹೊಸದರಲ್ಲಿ ಎಲ್ಲರೂ ಮಂತ್ರಾಲಯಕ್ಕೆ ಹೊರಟೆವು. ಮೊಣಕಾಲು ನೋವಿನ ಅತ್ತೆ ಮುಂದಿನ ಸೀಟಿನಲ್ಲಿ, ಅಕ್ಕ-ತಂಗಿ ಮಕ್ಕಳನ್ನು ಕಟ್ಟಿಕೊಂಡು ಹಿಂದೆ. ಸರಿದು ಕೂತರೆ ನಿನಗೂ ಜಾಗವಿದೆ ಬಾ ಅಣ್ಣಾ ಅಂದ ಷಡ್ಡಕ. ಅವನ ಕಾರಿನಲ್ಲಿ ನಾನು ಮುದುಡಿ ಕೂರಬೇಕೆ? ಬೈಕಿನಲ್ಲೇ ಬರುತ್ತೇನೆ ಅಂದೆ. ಮಂತ್ರಾಲಯದ ತನಕ ಆ ಬಿಳಿ ಕಾರಿನ ಧೂಳು ಕುಡಿದೆ. ಹಿಂದಿನ ಗಾಜಿನಲ್ಲಿ ಹೆಂಡತಿಯ ತಲೆ ಕಾಣುತ್ತಿತ್ತು. ಒಂದು ಕಡೆ ಆಕೆ ನಕ್ಕದ್ದು ಕಾಣಿಸಿತು. ಸಣ್ಣ ನಗುವಲ್ಲ, ಮುಂದಿನ ಸೀಟಿಗೆ ಹಣೆ ಹಚ್ಚಿ ಮೈ ಕುಲುಕಿಸಿ ನಕ್ಕಳು. ನನ್ನ ಯಾವ ಮಾತಿಗೆ ಹಾಗೆ ನಕ್ಕಿದ್ದಾಳೆ ಅಂತ ದಾರಿಯುದ್ದಕ್ಕೂ ನೆನಪು ಮಾಡಿಕೊಂಡೆ, ಒಂದೂ ನೆನಪಾಗಲಿಲ್ಲ. ಮಠದ ಮುಂದೆ ಇಳಿದ ಕೂಡಲೇ ಕೇಳಿದೆ, ಏನು ಅಷ್ಟು ನಗು ಅಂತ. ಮರೆತೆ ಅಂದಳು. ದರ್ಶನದ ಸಾಲಿನಲ್ಲಿ ಮತ್ತೆ ಕೇಳಿದೆ. ತೀರ್ಥಕ್ಕೆ ಕೈ ಒಡ್ಡುವ ಮುಂಚೆ ಇನ್ನೊಮ್ಮೆ ಕೇಳಿದೆ. ಸುಮ್ಮನಿರಿ, ಜನ ನೋಡುತ್ತಾರೆ ಅಂದಳು.

ಮೊನ್ನೆ ಚಳಿಗಾಲದಲ್ಲಿ ನಮ್ಮ ಕಚೇರಿಯವನೊಬ್ಬ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ರಾಯಚೂರಿನ ಆಚೆ ಕೃಷ್ಣಾ ಹೊಳೆಯ ನಡುವೆ ಒಂದು ನಡುಗಡ್ಡೆ. ಈಗ ಅದನ್ನು ಪಾರ್ಕು ಮಾಡಿದ್ದಾರೆ. ದೋಣಿಯಲ್ಲಿ ದಾಟಬೇಕು. ಒಳಗೆ ನೆರಳು, ಕಾಲುದಾರಿ, ಮಕ್ಕಳಿಗೆ ಜೋಕಾಲಿ. ದೋಣಿ ಹತ್ತುವ ಕಡೆ ಆಳೆತ್ತರದ ಬೋರ್ಡು: ಆಚೆ ವಾಹನಗಳಿಗೆ ಪ್ರವೇಶವಿಲ್ಲ. ಕಾರಿಲ್ಲ, ಬೈಕಿಲ್ಲ, ದೊಡ್ಡವರು ಚಿಕ್ಕವರು ಎಲ್ಲರೂ ನಡೆಯಬೇಕು. ಕಚೇರಿಯವನಿಗೆ ಗಿಡಮರ ತೋರಿಸುವ ಆಸೆ, ನನ್ನ ಕಣ್ಣು ಬೋರ್ಡಿನ ಮೇಲೆ. ಎಲಾ ಇವನ, ಇದು ನನಗೆಂದೇ ಮಾಡಿಟ್ಟ ಜಾಗ ಅನ್ನಿಸಿತು. ಅಲ್ಲಿ ಷಡ್ಡಕನೂ ಎರಡು ಕಾಲಿನವನೇ, ನಾನೂ ಎರಡು ಕಾಲಿನವನೇ. ಯಾರ ಬದಿಗೆ ಯಾರು ನಡೆಯುತ್ತಾರೆ, ಯಾರ ಮಾತಿಗೆ ಯಾರು ನಗುತ್ತಾರೆ, ನೋಡೇ ಬಿಡೋಣ ಅಂದುಕೊಂಡೆ.

ಭಾನುವಾರ ಅತ್ತೆಯ ಮನೆಯಲ್ಲಿ ಎಲ್ಲರೂ ಸೇರುವುದು ರೂಢಿ. ಉಗ್ಗಾನಿ, ಮೆಣಸಿನಕಾಯಿ ಬಜ್ಜಿ ತಟ್ಟೆಗೆ ಬಿದ್ದ ಮೇಲೆ ನಾನು ಮಾತು ತೆಗೆದೆ. ವಿಡಿಯೋ ಹಾಕಿಸಿಕೊಂಡಿದ್ದ ನನ್ನ ಮೊಬೈಲು ಕೈಯಿಂದ ಕೈಗೆ ಹೋಯಿತು. ಮಕ್ಕಳು ದೋಣಿ ಅಂತ ಕುಣಿದವು. ನನಗೆ ಬೇಕಾಗಿದ್ದದ್ದು ಷಡ್ಡಕನ ಮುಖ ಸಣ್ಣದಾಗುವುದು. ಅದು ಸಣ್ಣದಾಗಲಿಲ್ಲ, ಅರಳಿತು. ಕಾರು ಓಡಿಸಿ ಓಡಿಸಿ ಸೊಂಟ ಹಿಡಿದಿದೆ, ಒಂದು ದಿನ ಆರಾಮಾಗಿ ನಡೆದಾಡಬಹುದು, ಒಳ್ಳೆ ಜಾಗ ಹುಡುಕಿದೆ ಅಣ್ಣಾ ಅಂದ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಬೆಳಿಗ್ಗೆ ಬೇಗ ಬಿಡೋಣ, ಹೊಳೆಯ ದಂಡೆಯ ತನಕ ನನ್ನ ಕಾರಿನಲ್ಲೇ ಹೋಗೋಣ ಅಂತ ಸೇರಿಸಿದ. ಎಲ್ಲರೂ ಹೂಂ ಅಂದರು. ನನ್ನ ಹೆಂಡತಿಯೂ ಹೂಂ ಅಂದಳು.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ನಾನು ಸುಮ್ಮನಿರಲಿಲ್ಲ. ಅಲ್ಲಿ ಕಾರು ನಿಲ್ಲಿಸಲು ಜಾಗವೇ ಇಲ್ಲವಂತೆ, ದಂಡೆಯ ಹತ್ತಿರವೂ ಬಿಡುವುದಿಲ್ಲವಂತೆ, ರೈಲಿಗೆ ಹೋಗುವುದೇ ಚಂದ ಅಂದೆ. ರಾಯಚೂರಿಗೆ ರೈಲು, ಅಲ್ಲಿಂದ ಬಸ್ಸು, ಬಸ್ಸು ಇಳಿದು ಆಟೋ, ಆಮೇಲೆ ದೋಣಿ. ನಾನು ಹೇಳುತ್ತಾ ಹೋದ ಹಾಗೆ ಅತ್ತೆ ಮೊಣಕಾಲು ನೀವಿಕೊಳ್ಳುತ್ತಾ ಕೇಳಿದರು. ಎಲ್ಲರೂ ಹೋದರೆ ನಾನೂ ಹೆಂಗೋ ಬರುತ್ತೇನೆ ಬಿಡಪ್ಪ ಅಂದರು. ಮೊಬೈಲು ಆಗ ನನ್ನ ಹೆಂಡತಿಯ ಕೈಯಲ್ಲಿತ್ತು. ಆಕೆ ಒಮ್ಮೆ ನನ್ನ ಮುಖ ನೋಡಿದಳು, ಅದನ್ನು ನನ್ನ ಕೈಗೆ ಕೊಟ್ಟಳು. ಅದನ್ನು ನಾನು ಒಪ್ಪಿಗೆ ಅಂತಲೇ ತಿಳಿದುಕೊಂಡೆ.

ಮರುದಿನ ಸಂಜೆ ನಾನು ಬಸ್ಸು ಇಳಿದು ಮನೆಗೆ ಬಂದಾಗ ಆಕೆ ಪಡಸಾಲೆಯಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಮೊಬೈಲು ಕೇಳಿ ಇಸಿದುಕೊಂಡಳು, ವಿಡಿಯೋ ಹಚ್ಚಿ ಒಂದು ಕಡೆ ನಿಲ್ಲಿಸಿ ನನ್ನ ಮುಂದೆ ಹಿಡಿದಳು. ನಾನು ಅಷ್ಟು ಸಲ ನೋಡಿದ ಬೋರ್ಡು. ಅದರ ಪಕ್ಕದಲ್ಲೇ, ಹುಣಸೆಮರದ ಕೆಳಗಿನ ಬಯಲಿನಲ್ಲಿ, ಸಾಲಾಗಿ ನಿಂತ ಕಾರುಗಳು. ಅದರಲ್ಲೂ ಬಿಳಿಯವೇ ಹೆಚ್ಚು.

ಕಾರು ನಿಲ್ಲಿಸಲು ಜಾಗವಿಲ್ಲ ಅಂತ ಯಾರು ಹೇಳಿದರು ಅಂತ ಮಾತ್ರ ಕೇಳಿದಳು ಆಕೆ. ನನಗೇನು ಅವನ ಮೇಲೆ ಹೊಟ್ಟೆಕಿಚ್ಚೇ ಅಂದುಬಿಟ್ಟೆ. ಹೊಟ್ಟೆಕಿಚ್ಚಿನ ಮಾತು ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಸಿಕ್ಕಿಬಿದ್ದವನಿಗೆ ಸಿಟ್ಟು ಜಾಸ್ತಿ, ನನಗೂ ಬಂತು. ಹನ್ನೆರಡು ವರ್ಷ ಗಂಟಲಲ್ಲಿ ಹಿಡಿದಿಟ್ಟದ್ದು ಸಿಟ್ಟಿನಲ್ಲಿ ಹೊರಗೆ ಬಿತ್ತು.

"ಅವತ್ತು ಜಾತಕ ಕೂಡಿದ್ರ ನೀನ ಆ ಕಾರಿನ ಮುಂದಿನ ಸೀಟಿನ್ಯಾಗ ಕುಂದರ್ತಿದ್ದಿ" ಅಂದೆ.

ಆಕೆ ಅಳಲಿಲ್ಲ, ಕೂಗಾಡಲಿಲ್ಲ. ಕೈಯಲ್ಲಿದ್ದ ಸೊಪ್ಪಿನ ಕಟ್ಟು ಪೂರ್ತಿ ಬಿಡಿಸಿ ಮುಗಿಸಿದಳು. ಜಾತಕವನ್ನು ಯಾರೂ ನೋಡಿಯೇ ಇರಲಿಲ್ಲ ಅಂದಳು. ಊರ ಮುಂದೆ ಅವನಿಗೆ ಅವಮಾನವಾಗಬಾರದು ಅಂತ ಆಕೆಯ ಅಪ್ಪ, ಈಗ ಇಲ್ಲದ ನನ್ನ ಮಾವ, ಆಡಿದ ಮಾತಂತೆ ಅದು.

"ಆತ ನನ್ನ ಕೇಳಿದ್ದು ಒಂದ ಮಾತು. ಕಾಲೇಜಿಗೆ ಹೋಗುವಾಗ ಬಸ್ಸಿನ್ಯಾಗ ಯಾರ ಬಾಜೂಕ ಕುಂದರ್ತಿದ್ದಿ ಅಂತ. ಇವನ್ನ ಕಟ್ಟಿಕೊಂಡ್ರ ಜಲ್ಮ ಪೂರಾ ಜವಾಬು ಕೊಟ್ಟು ಸಾಯಬೇಕು ಅನ್ನಿಸ್ತು. ಅದನ್ನ ಆತಗ ಹೇಳಿ ನಾನ ಬ್ಯಾಡ ಅಂದೆ" ಅಂದಳು.

ನನಗೆ ಒಂದು ಗಳಿಗೆ ಎಷ್ಟು ಖುಷಿಯಾಯಿತು ಅಂದರೆ ಎದ್ದು ಕುಣಿಯಬೇಕು ಅನ್ನಿಸಿತು. ಬೇಡ ಅಂದವಳು ಆಕೆ! ಬೇಡ ಅನ್ನಿಸಿಕೊಂಡವನು ಅವನು! ನಗು ಬಂದದ್ದನ್ನು ಮುಚ್ಚಿಕೊಳ್ಳಲು ಕೂಡ ಆಗಲಿಲ್ಲ. ಆಕೆ ಇನ್ನೂ ಮಾತು ಮುಗಿಸಿರಲಿಲ್ಲ.

"ಆಮ್ಯಾಲೆ ನೀವು ಬಂದ್ರಿ. ಉಪ್ಪಿಟ್ಟು ತಿಂದ್ರಿ, ಚಾ ಕುಡಿದ್ರಿ, ಬರ್ತೀನ್ರಿ ಅಂದು ಹೋದ್ರಿ. ಏನೂ ಕೇಳಲಿಲ್ಲ. ಅದಕ್ಕ ಒಪ್ಪಿದೆ. ಈಗ ನೋಡ್ರಿ, ಆತ ಕೇಳೂದು ಬಿಟ್ಟಾನ. ನನ್ನ ತಂಗೀನ್ನ ಒಂದು ದಿನಾನೂ ಎಲ್ಲಿಗೆ ಹೋಗಿದ್ದಿ, ಯಾಕ ನಕ್ಕಿ ಅಂದಿಲ್ಲ. ನೀವು ಶುರು ಮಾಡೀರಿ."

ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದಳು. ಪಡಸಾಲೆಯಲ್ಲಿ ಕಡ್ಡಿಗಳ ರಾಶಿ, ನಾನು. ಬೇಡ ಅಂದದ್ದಕ್ಕೆ ಅವನು ಪಾಠ ಕಲಿತ, ಒಪ್ಪಿದ್ದಕ್ಕೆ ನಾನು ಕೆಟ್ಟೆ. ಮೈ ಪರಚಿಕೊಳ್ಳುವ ಹಾಗಾಯಿತು.

ಷಡ್ಡಕನಿಗೆ ಫೋನು ಮಾಡಿದೆ. ದಂಡೆಯ ಹತ್ತಿರ ಕಾರು ನಿಲ್ಲಿಸಬಹುದಂತೆ ಅಂದೆ. ಈಗ ಹೇಗೆ ಜಾಗ ಬಂತು, ನಿನ್ನೆ ಹಾಗೇಕೆ ಹೇಳಿದೆ ಅಂತ ಕೇಳುತ್ತಾನೆ, ಕೇಳಿದರೆ ಜಗಳವಾದರೂ ಆಡಬಹುದು ಅಂತ ಕಾದೆ. ಒಂದನ್ನೂ ಕೇಳಲಿಲ್ಲ ಅವನು. ಅತ್ತೆಯ ಕಾಲಿಗೆ ಒಳ್ಳೆಯದಾಯಿತು ಅಂದ. ಈ ಸಲ ನೀನೂ ಕಾರಿನಲ್ಲೇ ಬರಬೇಕು ಅಣ್ಣಾ, ಬೈಕು ಗೀಕು ಅನ್ನಬೇಡ ಅಂದ. ಹೂಂ ಅಂದು ಫೋನು ಇಟ್ಟೆ. ಇಷ್ಟು ದಿನ ಅವನ ಕಾರಿಗೆ ಉರಿದಿತ್ತು, ಈಗ ಆ ಗುಣಕ್ಕೂ ಉರಿಯಿತು. ಕಾರಾದರೆ ಸಾಲ ಮಾಡಿಯಾದರೂ ತರಬಹುದು.

ಹೊರಡುವ ಮುನ್ನಾದಿನ ಸಂಜೆ ಆಕೆ ಬುತ್ತಿಗೆಂದು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಆ ಮಾತಾದ ಮೇಲೆ ಇಬ್ಬರೂ ಬೇಕಾದಷ್ಟೇ ಮಾತಾಡಿದ್ದೆವು. ಅಡುಗೆಮನೆಯ ಬಾಗಿಲಲ್ಲಿ ಹೋಗಿ ನಿಂತೆ. ಎಲ್ಲವನ್ನೂ ಹೇಳಿದ್ದಳು, ಒಂದನ್ನು ಬಿಟ್ಟು. ಅವನು ಹಾಗೆ ಬದಲಾದದ್ದನ್ನೂ ನಾನು ಹೀಗೆ ಬದಲಾದದ್ದನ್ನೂ ಎರಡನ್ನೂ ನೋಡಿದ ಮೇಲೆ, ಈಗ ಏನನ್ನಿಸುತ್ತದೆ ನಿನಗೆ? ಇದು ನಾಲಗೆಯ ತುದಿಗೆ ಬಂದು ನಿಂತಿತ್ತು. ಬಾಯಿ ತೆರೆದೆ. ರೊಟ್ಟಿ ಎಷ್ಟಾದವು ಅಂತ ಕೇಳಿದೆ.

ಬಡಿಯುವ ಸದ್ದು ನಿಂತಿತು.

"ಅದನ್ನ ಕೇಳಾಕ ಬಂದಿಲ್ಲ ನೀವು" ಅಂದಳು.