ಅಮ್ಹುಲುಕನ ಕೆರೆ, ನಮ್ಮೂರ ಕೆರೆ

ಕುರಿ ಕಾಯುವ ನಮ್ಮ ಮನೆತನದಲ್ಲಿ ಡಿಗ್ರಿ ಅಂತ ಮುಗಿಸಿದವನು ನಾನೊಬ್ಬನೇ. ಹಿಂಡಿನ ಹಿಂದೆ ತಿರುಗುತ್ತಾ ಓದಿದವನು, ಹೇಳಿಕೊಳ್ಳಲು ನಾಚಿಕೆಯಿಲ್ಲ. ಈಗ ಕೊಟ್ಟೂರಿನಲ್ಲಿ ಜಾನಪದ ಪಾಠ ಮಾಡುತ್ತೇನೆ. ರಜೆಗೆ ಗುಡೇಕೋಟೆ ಕಡೆಯ ನಮ್ಮೂರಿಗೆ ಹೋದರೆ, ಈ ಸಲ ಯಾರ ಕಥಿ ಓದಿದಿ ಅಂತ ಅವ್ವ ಕೇಳಿಯೇ ಕೇಳುತ್ತಾಳೆ.

ಹೋದ ಚಳಿಗಾಲ ಓದುತ್ತಿದ್ದದ್ದು ಕಲಪೂಯರ ಕಥೆಗಳನ್ನು. ಅಮೆರಿಕದ ಒಂದು ಕಣಿವೆಯ ಮೂಲ ಜನ. ಕಪ್ಪೆಗಳು ಕಟ್ಟಿ ಹಿಡಿದಿದ್ದ ನೀರನ್ನು ನರಿಯೊಂದು ಒಡ್ಡು ಒಡೆದು ಎಲ್ಲರಿಗೂ ಬಿಟ್ಟ ಕಥೆ ಹೇಳಿದೆ. ಅಂಥಾ ನರಿ ನಮ್ಮ ಕಡಿಗೂ ಒಂದು ಬರಬಾರದಾ ಅಂತ ಅವ್ವ ನಕ್ಕಳು. ಅದೇ ಉಮೇದಿನಲ್ಲಿ ಅಮ್ಹುಲುಕನ ಕಥೆಯನ್ನೂ ಶುರು ಮಾಡಿಬಿಟ್ಟೆ.

ಅಮ್ಹುಲುಕ ಕೆರೆಯೊಳಗಿನ ಕೊಂಬಿನ ದೈತ್ಯ. ಗೆಡ್ಡೆ ಅಗೆಯಲು ಬಂದ ಮೂವರು ಮಕ್ಕಳಲ್ಲಿ ಇಬ್ಬರನ್ನು ಕೊಂಬಿಗೆ ಸಿಕ್ಕಿಸಿಕೊಂಡು ನೀರಿಗಿಳಿದ. ಮೂವರಲ್ಲಿ ಹಿರಿಯವನೊಬ್ಬನೇ ತಪ್ಪಿಸಿಕೊಂಡು ಓಡಿಬಂದು ಮನೆಯಲ್ಲಿ ಹೇಳಿದ.

ಅಲ್ಲಿಗೆ ನನ್ನ ಮಾತು ನಿಂತಿತು. ಚಿಕ್ಕವನಿದ್ದಾಗ ನಮ್ಮೂರ ಕೆರೆಯಿಂದ ಹಾಗೆ ಓಡಿಬಂದು ಹೇಳಿದವನು ನಾನು. ತಮ್ಮ ಬರಲಿಲ್ಲ.

ನೀರುಪಾಲಾದವರನ್ನು ದಂಡೆಯ ಮೇಲೆ ನಿಂತು ಹೆಸರು ಹಿಡಿದು ಕರೆಯಬಾರದು ಅನ್ನುತ್ತಾರೆ ನಮ್ಮ ಮನೆಯಲ್ಲಿ. ಕರೆದರೆ ಅವರು ಮುಂದಕ್ಕೆ ಹೋಗದೆ ಅಲ್ಲೇ ಉಳಿಯುತ್ತಾರಂತೆ. ಅಂದಿನಿಂದ ಅವ್ವ ಆ ಹೆಸರು ಎತ್ತಿದವಳಲ್ಲ, ಕುರಿಗಳನ್ನು ಆ ಕೆರೆಗೆ ಇಳಿಸಿದವಳೂ ಅಲ್ಲ.

"ಮುಂದ ಹೇಳಪ್ಪ," ಅಂದಳು.

ಆ ಮಕ್ಕಳ ಅಪ್ಪ ದಂಡೆಗೆ ಹೋಗಿ ಕೈಬೀಸಿ ಕರೆದ. ಮಂಜಿನೊಳಗೆ ಮಕ್ಕಳು ಕಂಡರು. ನಮ್ಮ ಮೈ ಬದಲಾಗಿದೆ ಅಂದರು.

ಅವ್ವ ಕಂಬಳಿಯ ಅಂಚು ತಿರುವಿದಳು. ಆಮೇಲೆ, "ಮೈ ಬದಲಾದ್ರ ಆಗ್ಲಿ. ದನಿ ಅದೇ ಇತ್ತೇನು?"

ಪುಸ್ತಕದಲ್ಲಿ ಅದನ್ನು ಬರೆದಿಲ್ಲ ಅಂದೆ.

ಮರುದಿನ ಬೆಳಿಗ್ಗೆ ಅವ್ವ ಹಿಂಡನ್ನು ಆ ಕೆರೆಯ ಕಡೆಗೇ ತಿರುಗಿಸಿದಳು. ನಾನೂ ಹಿಂದೆಯೇ ಹೋದೆ. ನೀರಿನ ಮೇಲೆ ಮಂಜು ಕೂತಿತ್ತು. ಅವ್ವ ಕೆರೆಯ ಏರಿ ಇಳಿದು, ತಲೆ ಮೇಲಿನ ಸೆರಗು ಸರಿಮಾಡಿಕೊಂಡು, ತಮ್ಮನ ಹೆಸರು ಕರೆದಳು. ಊಟಕ್ಕೆ ಕರೆಯುತ್ತಿದ್ದ ಅದೇ ರಾಗ. ನೀರು ಕುಡಿಯುತ್ತಿದ್ದ ಕುರಿಗಳೆಲ್ಲ ತಲೆಯೆತ್ತಿ ಒಂದೇ ಕಡೆ ನೋಡಿದವು. ಅಲ್ಲಿ ಏನೂ ಇರಲಿಲ್ಲ.

ಅವ್ವ ನನ್ನ ಕಡೆ ತಿರುಗಲಿಲ್ಲ. "ನೀನೂ ಒಂದ್ಸಲ ಕರಿ. ನಿನ್ನ ದನಿ ಕೇಳಿದ್ರ ಎಲ್ಲಿದ್ರೂ ಓಡಿ ಬರ್ತಿದ್ದ."

ನನ್ನ ದನಿ ಒಡೆದದ್ದು ಅವನು ಹೋದ ಮೇಲೆ. ಈ ಗಂಡಸಿನ ದನಿಯನ್ನು ಅವನು ಕೇಳಿಯೇ ಇಲ್ಲ. ಅವ್ವನಿಗೆ ಅದನ್ನು ಹೇಳಲಿಲ್ಲ.

ಕುರಿಗಳು ಇನ್ನೂ ಅತ್ತಲೇ ನೋಡುತ್ತಿದ್ದವು. ಕರೆದೆ.