ಸುರಂಗ ತೋಡಿದವನ ಎಲೆ

ನಮ್ಮ ಹಿರಿಯಜ್ಜ ಸುರಂಗ ತೋಡಲಿಲ್ಲ. ತೋಡಿದವನು ಬೇರೆ. ನೀರು ಬಂದ ಮೇಲೆ ಅವನನ್ನೂ ಅವನ ಹೆಂಡತಿ ಮಕ್ಕಳನ್ನೂ ಗುಡ್ಡದಿಂದ ಇಳಿಸಿದರು. ನಡೆದದ್ದು ಇಷ್ಟೇ. ಮದುವೆಯಾಗಿ ಬಂದ ವರ್ಷದಿಂದಲೇ ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ ತಿರುವನಂತಪುರದಲ್ಲಿ, ಅವನ ವಂಶದವರ ಮನೆಯಲ್ಲೇ ಕೂತು, ಅವರು ಬಡಿಸಿದ್ದನ್ನು ಉಂಡು ನಾನು ಸುಳ್ಳು ಹೇಳಿದೆ.

ಕಾಸರಗೋಡಿನ ಕಡೆಯವರಿಗೆ ಸುರಂಗ ಅಂದರೆ ಏನೆಂದು ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ನಮ್ಮದು ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ ಗುಡ್ಡ, ಬಾವಿ ತೋಡಿದರೆ ನೀರಿಲ್ಲ. ಗುಡ್ಡದ ಹೊಟ್ಟೆಗೆ ಅಡ್ಡವಾಗಿ, ಒಬ್ಬ ಬಗ್ಗಿಕೊಂಡು ಹೋಗುವಷ್ಟು ಅಗಲಕ್ಕೆ ಕೊರೆಯುತ್ತಾ ಹೋಗಬೇಕು. ಒಳಗೆ ಎಲ್ಲಾದರೂ ಒರತೆ ಸಿಕ್ಕರೆ ನೀರು ತಾನಾಗಿ ಹೊರಗೆ ಹರಿಯುತ್ತದೆ. ಸಿಗದಿದ್ದರೆ ಎರಡು ಮೂರು ವರ್ಷದ ಕೆಲಸ ಮಣ್ಣುಪಾಲು. ಹಿರಿಯಜ್ಜ, ಅಂದರೆ ನನ್ನ ಗಂಡನ ಅಜ್ಜನ ಅಪ್ಪ, ಬೋಳುಗುಡ್ಡಕ್ಕೆ ಒಂದು ಕತ್ತಿ, ಒಂದು ಹಾರೆ ಹಿಡಿದು ಬಂದನಂತೆ, ಒಬ್ಬನೇ ಸುರಂಗ ತೋಡಿ ನೀರು ತಂದು ಮನೆ ಕಟ್ಟಿದನಂತೆ. ನಮ್ಮ ಮನೆಯಲ್ಲಿ ಎಲ್ಲ ಮಕ್ಕಳೂ ಈ ಕಥೆ ಕೇಳಿಯೇ ಬೆಳೆದವರು. ಆ ನೀರಿನಿಂದ ಗದ್ದೆ ಆಯಿತು, ಗದ್ದೆಯಿಂದ ಮಕ್ಕಳಿಗೆ ಶಾಲೆ ಆಯಿತು. ಈಗ ಅವನ ಸಂತಾನದಲ್ಲಿ ಗುಡ್ಡದ ಮೇಲೆ ಇರುವವರಿಗಿಂತ ಕೋರ್ಟು ಕಚೇರಿಗಳಲ್ಲಿ ಇರುವವರೇ ಹೆಚ್ಚು.

ನನ್ನ ಮಗ ಎರ್ನಾಕುಳದಲ್ಲಿ ವಕೀಲ. ಕಾಕ್ಕನಾಡಿನ ಅವನ ಫ್ಲ್ಯಾಟಿಗೆ ನಾನು ಬಂದು ಸೇರಿ ಆಗಲೇ ಕೆಲವು ವರ್ಷವಾಗಿತ್ತು. ಅವನಿಗೆ ಇದ್ದಕ್ಕಿದ್ದ ಹಾಗೆ ಕುಟುಂಬದ ಚರಿತ್ರೆ ಬರೆಯುವ ಮರುಳು ಹಿಡಿಯಿತು. ಕಂಪ್ಯೂಟರಿನ ಮುಂದೆ ನನ್ನನ್ನು ಕೂರಿಸಿ ಕೇಳುತ್ತಿದ್ದ, ನಾನು ಹೇಳುತ್ತಿದ್ದೆ. ಹಿರಿಯಜ್ಜನ ಕಥೆಯನ್ನು ಮನೆಯ ಗಂಡಸರು ಹೇಳುತ್ತಿದ್ದಂತೆಯೇ ಹೇಳಿದೆ. ಮೊದಲ ಪುಟದಲ್ಲಿ 'ಅಮ್ಮ ಹೇಳಿದಂತೆ' ಎಂದು ದಪ್ಪ ಅಕ್ಷರದಲ್ಲಿ ಹಾಕಿದ. ನಾನು ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಆ ಪುಟವನ್ನು ಕನ್ನಡಕ ಹಾಕಿಕೊಂಡು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಸುಳ್ಳಿಗೆ ಕಾರಣ ಹುಡುಕುವವರು ದೂರ ಹೋಗಬೇಕಾಗಿಲ್ಲ.

ಮೊಮ್ಮಗಳು ತಿರುವನಂತಪುರದ ಶ್ರೀಕಾರ್ಯದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಳು. ಹಾಸ್ಟೆಲು ಹಿಡಿಸಲಿಲ್ಲವೆಂದು ಕಾಲೇಜಿನ ಹತ್ತಿರ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದಳು. ಮನೆಯ ಯಜಮಾನಿ ಕಾಸರಗೋಡಿನವಳು, ಶ್ರೀಕಾರ್ಯದಲ್ಲೇ ಬೆಳೆ ಸಂಶೋಧನೆಯ ಆಫೀಸಿನಲ್ಲಿ ಕೆಲಸ. ಊರಿನವರು ಸಿಕ್ಕಿದರಲ್ಲ ಎಂದು ನಾವು ಬೇರೇನೂ ವಿಚಾರಿಸಿರಲಿಲ್ಲ. ಮಗನಿಗೆ ಸೆಕ್ರೆಟರಿಯೇಟಿನಲ್ಲಿ ಏನೋ ಕೆಲಸವಿತ್ತು. ಅವನ ಜೊತೆ ನಾನೂ ಹೋಗಿ ಮೊಮ್ಮಗಳ ಕೋಣೆಯಲ್ಲಿ ಉಳಿದೆ. ಮಗ ಲಾಡ್ಜ್ ಹಿಡಿದ.

ಭಾನುವಾರ ಸಂಜೆ ಆ ಯಜಮಾನಿ ನಮ್ಮನ್ನೆಲ್ಲ ಊಟಕ್ಕೆ ಕರೆದಳು. ನನಗೋಸ್ಕರ ಅಂದು ಅವರ ಮನೆಯಲ್ಲಿ ಮೀನು ಮಾಡಿರಲಿಲ್ಲ. ಹೊಸ ಪಾತ್ರೆಯಲ್ಲಿ ಅನ್ನ ಬೇಯಿಸಿದ್ದೇನೆ ಎಂದು ಅವಳೇ ಹೇಳಿದಳು, ನಾನು ಕೇಳದೆ. ಕೇಳದೆ ಹೇಳಬೇಕಾಯಿತಲ್ಲ ಎಂದು ಈಗ ಅನಿಸುತ್ತದೆ. ಆಗ ಅನಿಸಲಿಲ್ಲ. ಸಾರು ಚೆನ್ನಾಗಿದೆ ಎಂದು ಎರಡು ಸಲ ಹಾಕಿಸಿಕೊಂಡೆ.

ಊಟವಾದ ಮೇಲೆ ಎಲ್ಲರೂ ವರಾಂಡದಲ್ಲಿ ಕೂತೆವು. ಅವಳ ಅಪ್ಪ, ಎಂಬತ್ತು ದಾಟಿದ ಮನುಷ್ಯ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಮಡಚಿ ಕೂತಿದ್ದರು. ಮಗ ಸುಮ್ಮನಿರುವವನಲ್ಲ, ಚೀಲದಿಂದ ಹಾಳೆಗಳನ್ನು ತೆಗೆದು ಹಿರಿಯಜ್ಜನ ಅಧ್ಯಾಯವನ್ನು ಗುಡ್ಡದ ಹೆಸರು, ಮನೆಯ ಹೆಸರು ಸಹಿತ ಓದಿದ. ಮುದುಕರು ಕಣ್ಣು ಮುಚ್ಚಿ ಕೇಳಿದರು. ಕೊನೆಗೆ ಕಣ್ಣು ಬಿಟ್ಟು, "ಎಷ್ಟು ಕೋಲು?" ಅಂದರು.

"ಎಂತ ಕೋಲು?" ಮಗ ಕೇಳಿದ.

"ಸುರಂಗದ ಉದ್ದ. ಕೋಲಿನ ಲೆಕ್ಕದಲ್ಲಿ ಅಲ್ವಾ ತೋಡುವುದು? ತೋಡಿದವನ ಮನೆಯವರಿಗೆ ಅದು ಗೊತ್ತಿರ್ತದೆ."

ಮಗ ನಕ್ಕ. "ಅಷ್ಟು ಹಿಂದಿನದ್ದನ್ನು ಯಾರು ಅಳೆದು ಇಟ್ಟಿದ್ದಾರೆ?"

"ತೊಂಬತ್ತೆರಡು ಕೋಲು. ನಲವತ್ತರ ಹತ್ರ ಕರಿಕಲ್ಲು ಅಡ್ಡ ಬಂತು. ಅಲ್ಲಿ ಬಲಕ್ಕೆ ತಿರುಗಿಸಿದ್ದು. ತಿರುಗುವಲ್ಲಿ ಎಡಗೈ ಬದಿಗೆ ದೀಪ ಇಡ್ಲಿಕ್ಕೆ ಒಂದು ಗೂಡು ಉಂಟು. ನಾನು ಆ ಗುಡ್ಡ ಹತ್ತಿದವನಲ್ಲ. ನನ್ನ ಅಪ್ಪನೂ ಅಲ್ಲ. ಅಪ್ಪನ ಅಜ್ಜ ತೋಡಿದ್ದು. ಬೇಕಾದ್ರೆ ನಿಮ್ಮ ಅಮ್ಮನ ಹತ್ರ ಕೇಳಿ."

ನಾನು ಆ ಗುಡ್ಡಕ್ಕೆ ಬಂದಾಗ ಹದಿನಾರು ವರ್ಷ, ಕಡ್ಡಿಯ ಹಾಗಿದ್ದೆ. ಬೇಸಿಗೆಯಲ್ಲಿ ಸುರಂಗದ ಕೆಸರು ತೆಗೆಯಲು ನನ್ನನ್ನೇ ಒಳಗೆ ಕಳಿಸುತ್ತಿದ್ದರು. ಬಲಕ್ಕೆ ತಿರುಗುವ ಜಾಗದಲ್ಲಿ, ಎಡಗಡೆಯ ಆ ಗೂಡಿನಲ್ಲಿ, ನಾನೇ ಚಿಮಿಣಿ ದೀಪ ಇಟ್ಟು ಸೊಂಟ ನೆಟ್ಟಗೆ ಮಾಡಿಕೊಂಡದ್ದುಂಟು. ನಮ್ಮ ಗಂಡಸರಲ್ಲಿ ಯಾರೂ ಅಷ್ಟು ಒಳಗೆ ಹೋದವರಲ್ಲ.

"ಅಮ್ಮ, ಹಾಗೆ ಗೂಡು ಎಲ್ಲ ಉಂಟಾ?" ಮಗ ನನ್ನನ್ನು ಕೇಳಿದ.

"ನಾನು ಕಂಡವಳಲ್ಲ," ಅಂದೆ.

ಮುದುಕರು ನನ್ನ ಕಡೆ ತಿರುಗಿದರು. "ಸರಿ. ಅದು ಬಿಡಿ. ಹೊಸ ಅಕ್ಕಿ ಊಟದ ದಿನ ಸುರಂಗದ ಬಾಯಿಯ ಹತ್ರ ಮೊದಲ ಎಲೆ ಇಡ್ತಿದ್ರಲ್ಲ, ಅದು ಯಾರಿಗೆ ಅಮ್ಮ?"

ಆ ಎಲೆಯನ್ನು ಮನೆಯ ಸೊಸೆಯೇ ಇಡಬೇಕು. ದೇವರಿಗೂ ಮೊದಲು. ಇಟ್ಟು, ತಿರುಗಿ ನೋಡದೆ ಬರಬೇಕು. ಗುಳಿಗ ದೈವಕ್ಕೆ ಇಡುವುದು ಎಂದು ಗಂಡಸರು ಹೇಳುತ್ತಿದ್ದರು. ಮೊದಲನೆಯ ವರ್ಷ ನಾನು ಎಲೆಯ ಮುಂದೆ ಕೈ ಮುಗಿದದ್ದಕ್ಕೆ ಅತ್ತೆ ನಕ್ಕಿದ್ದರು. "ಇದು ದೈವಕ್ಕೆ ಅಲ್ಲ ಹುಡುಗಿ. ಸುರಂಗ ತೋಡಿದವನಿಗೆ. ಅವನ ಜೋಪಡಿ ಇದ್ದದ್ದು ಇಲ್ಲೇ. ನೀರು ಬಂದ ಮೇಲೆ ಇಳಿ ಅಂದರು. ನೀರಿರುವವರೆಗೆ ಮೊದಲ ಎಲೆ ನಿನ್ನದು ಅಂತ ಮಾತು ಕೊಟ್ಟರು. ಒಂದೆರಡು ವರ್ಷ ಬಂದು ಉಂಡು ಹೋದನಂತೆ. ಆಮೇಲೆ ಬರಲಿಲ್ಲ. ಗಂಡಸರು ಅವನನ್ನು ಗುಳಿಗ ಮಾಡಿದರು. ನೀನು ಸುಮ್ಮನೆ ಇಟ್ಟು ಬಾ." ನನ್ನ ಗಂಡ ತೀರಿಹೋಗಿ ಗುಡ್ಡ ಮೈದುನನ ಕೈಗೆ ಹೋಗುವವರೆಗೆ ಪ್ರತಿ ವರ್ಷ ಇಟ್ಟು ಬಂದೆ. ಮನುಷ್ಯನನ್ನು ದೈವ ಮಾಡಿಬಿಟ್ಟರೆ ಅವನ ಮಕ್ಕಳು ಮೊಮ್ಮಕ್ಕಳು ಎಲ್ಲಿದ್ದಾರೆಂದು ಕೇಳುವ ಕೆಲಸವಿಲ್ಲ. ನಾನೂ ಕೇಳಿರಲಿಲ್ಲ.

ಯಜಮಾನಿ ಬಟ್ಟಲು ಒರೆಸುತ್ತಿದ್ದವಳು ಬಾಗಿಲಲ್ಲಿ ಬಂದು ನಿಂತಳು. "ಹೇಳಿ ಅಮ್ಮ. ಅಪ್ಪ ಈ ಕಥೆ ಹೇಳುವಾಗ ನನ್ನ ಗಂಡ ಯಾವಾಗಲೂ ತಮಾಷೆ ಮಾಡ್ತಾರೆ. ನಿಮ್ಮ ಬಾಯಿಂದ ಒಂದು ಸಲ ಬಂದ್ರೆ ಸಾಕು."

ಅವಳ ಗಂಡ ಪಕ್ಕದಲ್ಲೇ ಇದ್ದ. ಅವನು ಮಲಯಾಳದಲ್ಲಿ ಏನೋ ಅಂದು ನಕ್ಕ. ಮಗ ಹಾಳೆಗಳನ್ನು ತೊಡೆಯ ಮೇಲೆ ಸರಿ ಮಾಡಿಕೊಳ್ಳುತ್ತಿದ್ದ, ಮೊದಲ ಪುಟ ಮೇಲಿತ್ತು.

"ಅದು ಗುಳಿಗನಿಗೆ," ಅಂದೆ. "ನಮ್ಮಲ್ಲಿ ಮೊದಲಿನಿಂದಲೂ ಗುಳಿಗನಿಗೇ ಇಡುವುದು."

ಮುದುಕರು ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋದರು. ಯಜಮಾನಿ, "ಅಪ್ಪನಿಗೆ ವಯಸ್ಸಾಯ್ತು, ಎಂತೆಂತದೋ ಹೇಳ್ತಾರೆ," ಎಂದು ನಮ್ಮ ಕ್ಷಮೆ ಕೇಳಿದಳು. ನಮ್ಮ ಕ್ಷಮೆ!

ಮಹಡಿಗೆ ಬಂದ ಮೇಲೆ ಮೊಮ್ಮಗಳು ಬಾಗಿಲು ಹಾಕಿದಳು. ಕನ್ನಡ ಅರ್ಥವಾಗುತ್ತದೆ, ಬಾಯಿ ಬಿಟ್ಟರೆ ಮಲಯಾಳವೇ ಬರುವುದು. "ಅಜ್ಜಿ ಕಳ್ಳಂ ಪರಞ್ಞು," ಅಂದಳು. ಅಜ್ಜಿ ಸುಳ್ಳು ಹೇಳಿದಳು ಎಂದು.

"ನಿನಗೆ ಹೇಗೆ ಗೊತ್ತು?"

ಅವಳು ಈ ಸಲ ತಡವರಿಸಿ ಕನ್ನಡದಲ್ಲೇ ಹೇಳಿದಳು. "ಸುರಂಗದ ಒಳಗೆ ದೀಪ ಇಡುವ ಗೂಡು ಉಂಟು ಅಂತ ನನಗೆ ಸಣ್ಣದಿರುವಾಗ ಅಜ್ಜಿಯೇ ಹೇಳಿದ್ದು."

ಅವಳನ್ನು ಗದರಿ ಮಲಗಿಸಿದೆ. ನನಗೆ ನಿದ್ದೆ ಬಂತು ಎಂದು ಹೇಳಲಿಕ್ಕೂ ನಾಚಿಕೆ. ಚೆನ್ನಾಗಿ ಬಂತು.

ಮರುದಿನ ಬೆಳಿಗ್ಗೆ ಎರ್ನಾಕುಳದ ರೈಲು ಹಿಡಿಯಬೇಕಿತ್ತು. ನಾನು ಕೆಳಗೆ ಬರುವಾಗ ಮುದುಕರು ಒಬ್ಬರೇ ವರಾಂಡದಲ್ಲಿ ಕೂತು ಗಂಜಿ ಕುಡಿಯುತ್ತಿದ್ದರು. ನಾನು ನಿಂತುಕೊಂಡೇ ಹೇಳಿದೆ. ಗೂಡು ಇದೆ, ನಾನು ಕಂಡಿದ್ದೇನೆ, ಎಲೆ ನಿಮ್ಮ ಅಪ್ಪನ ಅಜ್ಜನಿಗೇ, ಅತ್ತೆ ಹೇಳಿದ್ದಾರೆ, ಎಲ್ಲ.

ಅವರು ಬಟ್ಟಲು ಕೆಳಗಿಡಲಿಲ್ಲ. "ನನಗೆ ಎಂತಕ್ಕೆ ಹೇಳ್ತೀರಿ? ನನಗೆ ಗೊತ್ತುಂಟಲ್ಲ. ಗೊತ್ತಿಲ್ಲದವರ ಎದುರು ನನ್ನನ್ನು ಸುಳ್ಳ ಮಾಡಿದ್ದು ನೀವು. ಮಗಳು ಆಫೀಸಿಗೆ ಹೋಗಿ ಆಯ್ತು."

ಅಷ್ಟರಲ್ಲಿ ಮಗ ಆಟೋ ತಂದು ನಿಲ್ಲಿಸಿದ. "ಹತ್ತು ಅಮ್ಮ, ರೈಲು ತಪ್ತದೆ."

"ತಪ್ಪಲಿ. ಅವಳ ಆಫೀಸು ಎಲ್ಲಿ?"

"ಯಾರದ್ದು? ಎಂತಕ್ಕೆ?"

"ನಿನ್ನ ಪುಸ್ತಕದಲ್ಲಿ ನಾನು ಹೇಳಿದ್ದು ಸುಳ್ಳು. ಅವಳಿಗೆ ಹೇಳಿ ಬರ್ತೇನೆ."

"ಅಮ್ಮ, ಇವತ್ತು ಪ್ರೆಸ್ಸಿಗೆ ಕೊಡ್ಲಿಕ್ಕುಂಟು! ಫೋನ್ ಮಾಡಿ ಹೇಳಿದ್ರೆ ಆಗ್ಲಿಕ್ಕಿಲ್ವಾ?"

ಅವನಿಗೆ ಜವಾಬು ಕೊಡದೆ ಆಟೋದವನಿಂದ ದಾರಿ ಹೇಳಿಸಿಕೊಂಡು ನಡೆದೇ ಹೋದೆ. ದೂರವೇನಿರಲಿಲ್ಲ. ಗೇಟಿನವನು ಯಾರನ್ನು ಕಾಣಬೇಕು ಅಂದ. ಒಳಗೆ ಬಿಡಲಿಲ್ಲ, ಹೇಳಿ ಕಳಿಸಿದ. ಕಟ್ಟೆಯ ಮೇಲೆ ಕೂತು ಕಾದೆ. ಅವಳು ಗಾಬರಿಯಿಂದ ಓಡಿಬಂದಳು, ಜೊತೆಗೆ ಆಫೀಸಿನ ಇಬ್ಬರು ಹೆಂಗಸರು. "ಎಂತ ಆಯ್ತು ಅಮ್ಮ? ಅಪ್ಪನಿಗೆ ಏನಾದ್ರೂ...?"

"ಅಪ್ಪನಿಗೆ ಏನೂ ಆಗಿಲ್ಲ," ಅಂದೆ. ಆ ಇಬ್ಬರಿಗೂ ತಿಳಿಯಲಿ ಎಂದು, ಬರುವ ಹರಕುಮುರುಕು ಮಲಯಾಳದಲ್ಲಿ ಎಲ್ಲವನ್ನೂ ಹೇಳಿದೆ. ಸುರಂಗ ತೋಡಿದ್ದು ಇವಳ ಹಿರಿಯರು, ಓಡಿಸಿದ್ದು ನಮ್ಮವರು, ನಿನ್ನೆ ಇವಳ ಮನೆಯಲ್ಲಿ ಉಂಡು ಸುಳ್ಳು ಹೇಳಿದವಳು ನಾನು.

ಅವಳು ಮೊಬೈಲ್ ತೆಗೆದು ಗಂಡನಿಗೆ ಫೋನ್ ಮಾಡಿ, ಅದನ್ನು ನನ್ನ ಕಿವಿಯ ಹತ್ತಿರ ಹಿಡಿದಳು.

"ಇನ್ನೊಂದು ಸಲ ಹೇಳಿ," ಅಂದಳು.

ನಾನು ಮೊದಲಿನಿಂದ ಶುರು ಮಾಡಿದೆ.