ಜಾಳಿಗೆಯ ಚಿತ್ರ

ಚೀನಾದಿಂದ ಆ ಚಿತ್ರ ಬಂದಿತ್ತು. ನಾನು ಅದನ್ನು ನೋಡಲಿಲ್ಲ. ನೋಡದೆಯೇ ಒಂದು ಸುಳ್ಳು ಹೇಳಿದೆ. ನನ್ನ ಕಾಕುವಿನ, ಅಂದರೆ ಚಿಕ್ಕಮ್ಮನ, ಬಲಗೈಯ ಎರಡು ಬೆರಳು ಹೋದದ್ದು ಆ ಸುಳ್ಳಿನಿಂದ. ಇಷ್ಟನ್ನು ಬರೆಯಲು ನನಗೆ ಅರ್ಧ ಆಯುಷ್ಯ ಬೇಕಾಯಿತು — ನಾಚಿಕೆ ಅದಕ್ಕೂ ಆಗುತ್ತದೆ.

ಆಗ ನಾನು ಗೋಕಾಕದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದೆ. ಊರಿಗೆ ಇಂಟರ್ನೆಟ್ ಹೊಸದು. ಫೋನಿನ ತಂತಿಯಲ್ಲಿ ಕಿರುಗುಟ್ಟುತ್ತ ಹತ್ತಬೇಕು, ಹತ್ತಿತು ಅನ್ನುವಾಗ ಕರೆಂಟು ಹೋಗಬೇಕು. ನನ್ನ ತಂದೆಯ ತಮ್ಮ ಭರಮು ಕಾಕಾ ಕುಲಗೋಡದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಶಾವಿಗೆ ಮಾಡಿ ಮಾರಬೇಕೆಂದು, ಮುಂಬೈಯ ವ್ಯಾಪಾರಿಯೊಬ್ಬರ ಮೂಲಕ ಚೀನಾದ ಯಂತ್ರವೊಂದನ್ನು ತರಿಸಿದರು. ಜೊತೆಗೆ ಬಂದ ಪುಸ್ತಕದ ತುಂಬ ಚೀನೀ ಅಕ್ಷರ. ಹೇಗೋ ಜೋಡಿಸಿದ್ದಾಯಿತು, ಕೊನೆಗೆ ಪೆಟ್ಟಿಗೆಯಲ್ಲಿ ಒಂದು ಕಬ್ಬಿಣದ ಜಾಳಿಗೆ ಉಳಿಯಿತು. ಎಲ್ಲಿ ಕೂಡಿಸುವುದೋ ಯಾರಿಗೂ ತಿಳಿಯಲಿಲ್ಲ.

“ಸುನಂದಾ, ಇದು ಎಲ್ಲಿದಂತ ಅವರನ್ನ ಕೇಳು,” ಎಂದು ಕಾಕಾ ಪೆಟ್ಟಿಗೆಯ ಮೇಲಿದ್ದ ಇ-ಮೇಲ್ ವಿಳಾಸ ತಂದುಕೊಟ್ಟರು. “ಸುಮ್ಮನ ಹಾಕಿರಂಗಿಲ್ಲ ಅವರು.”

ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಬರೆದೆ. ಆ ಕಂಪನಿಯ ಲಿನ್ ಎಂಬ ಹೆಂಗಸು ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಉತ್ತರಿಸಿದಳು: ಚಿತ್ರ ಲಗತ್ತಿಸಿದ್ದೇನೆ, ನೋಡಿ ಕೂಡಿಸಿ.

ಆ ಚಿತ್ರದ ಹೆಸರೇ ನನ್ನ ಪ್ರಾಣ ತಿಂದದ್ದು. ಅವಳು ಚೀನೀ ಭಾಷೆಯಲ್ಲಿ ಹೆಸರಿಟ್ಟಿದ್ದಳು, ನಮ್ಮ ಕಂಪ್ಯೂಟರಿಗೆ ಆ ಅಕ್ಷರ ಓದಲು ಬರುತ್ತಿರಲಿಲ್ಲ. ತಲೆಯ ಮೇಲೆ ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರ, ತಲೆಕೆಳಗಾದ ಪ್ರಶ್ನೆಯ ಗುರುತು, ಖಾಲಿ ಚೌಕ — ಕಸ ಸುರಿದಂತೆ ಒಂದು ಸಾಲು. ಆ ಗೊಂದಲದಲ್ಲಿ ಹೆಸರಿನ ಬಾಲವೂ ಕತ್ತರಿಸಿ ಹೋಗಿತ್ತು. ಕೊನೆಯಲ್ಲಿ ಚುಕ್ಕೆ ಮತ್ತು ಅದರ ಮುಂದಿನ ಮೂರು ಅಕ್ಷರ ಇಲ್ಲದಿದ್ದರೆ, ಇದು ಚಿತ್ರವೋ ಬರಹವೋ ಹಾಡೋ ಕಂಪ್ಯೂಟರಿಗೆ ತಿಳಿಯುವುದಿಲ್ಲ. ಒತ್ತಿದರೆ ‘ಯಾವುದರಿಂದ ತೆರೆಯಲಿ’ ಎಂದು ನನ್ನನ್ನೇ ಕೇಳುತ್ತಿತ್ತು. ತೆರೆಯುತ್ತಿಲ್ಲ, ಮತ್ತೆ ಕಳಿಸು ಎಂದು ಬರೆದೆ. ಮತ್ತೆ ಕಳಿಸಿದಳು — ಅದೇ ಕಸ. ಇನ್ನೊಮ್ಮೆ ಬರೆದೆ. ಇನ್ನೊಮ್ಮೆಯೂ ಅದೇ.

ಇತ್ತ ಕಾಕಾ. ಬಸ್ಸಿಳಿದವರೇ ಸೀದಾ ಕ್ಲಾಸಿಗೆ ಬಂದು, ಬಾಗಿಲಲ್ಲಿ ನಿಂತು, “ಬಂತೇನು?”

“ಬಂದೈತ್ರಿ ಕಾಕಾ, ತಗಿಯಾಕ ಬರವಲ್ದು.”

“ಬಂದೈತಿ ಅಂತಿ, ತಗಿಯಾಕ ಬರವಲ್ದು ಅಂತಿ. ಮತ್ತ ಇವರಿಗೆ ಏನ ಕಲಸ್ತಿ ನೀ?”

ಇಡೀ ಕ್ಲಾಸು ನಕ್ಕಿತು. ಕಾಕಾ ತಾವೂ ನಕ್ಕರು. ಚುಚ್ಚಬೇಕೆಂದು ಅವರು ಹೇಳಿರಲಿಲ್ಲ. ನನಗೆ ಮಾತ್ರ — ಆ ಯಂತ್ರ, ಆ ಜಾಳಿಗೆ, ಆ ಲಿನ್, ಎಲ್ಲದರ ಮೇಲೂ ರೋಸಿಹೋಯಿತು.

ಮುಂದಿನ ಸಲ ಅವರು ಬಾಗಿಲಿಗೆ ಬಂದಾಗ ನಾನು ಮುಖ ಕೂಡ ತಿರುಗಿಸಲಿಲ್ಲ.

“ಆಕಿ ಬರದಾಳ್ರಿ ಕಾಕಾ. ಆ ಜಾಳಗಿ ಇಲ್ದಿದ್ರೂ ನಡಿತೈತಂತ.”

“ಖರೆ?”

“ಖರೇನ್ರಿ.”

ಅವರ ಮುಖ ಅರಳಿತು. ಬ್ಯಾಸಗಿ ಮುಗಿಯುವುದರೊಳಗೆ ಚಾಲೂ ಮಾಡಿಬಿಡ್ತೀನಿ ಎನ್ನುತ್ತ ಹೋದರು. ಪೀಡೆ ಕಳೆಯಿತೆಂದು ನಾನು ನಿಟ್ಟುಸಿರು ಬಿಟ್ಟೆ — ಹೌದು, ಪೀಡೆ ಎಂದೇ ಅಂದುಕೊಂಡೆ.

ಆ ವಾರವೇ ಕಾಕು ಯಂತ್ರದ ಉರುಳೆಗಳ ನಡುವೆ ಹಿಟ್ಟು ತಳ್ಳುವಾಗ ಕೈ ಒಳಗೆ ಸಿಕ್ಕಿತು. ಗೋಕಾಕದ ಆಸ್ಪತ್ರೆಗೆ ಕರೆತಂದರು. ಬೆರಳು ಉಳಿಯಲಿಲ್ಲ. ಕಾಕಾ ಕಂಡಕಂಡವರ ಮುಂದೆ ಒಂದೇ ಮಾತು ಹೇಳುತ್ತಿದ್ದರು, “ಚೀನಾದಾಕಿ ನಡಿತೈತಿ ಅಂದಿದ್ದಳು.” ನಾನು ಪಕ್ಕದಲ್ಲೇ ನಿಂತಿದ್ದೆ.

ಅಲ್ಲಿಂದ ಕ್ಲಾಸಿಗೆ ಹೋಗಿ ಲಿನ್ ಕಳಿಸಿದ್ದನ್ನು ಇಳಿಸಿಕೊಂಡೆ. ಕಸದ ಹೆಸರನ್ನು ಅಳಿಸಿ ಸಾದಾ ಇಂಗ್ಲಿಷಿನಲ್ಲಿ ಒಂದು ಹೆಸರು ಬರೆದು, ಕೊನೆಗೆ ಚಿತ್ರಗಳಿಗೆ ಇರುವ ಆ ಮೂರು ಅಕ್ಷರ ಸೇರಿಸಿದೆ. ತೆರೆಯಿತು. ಬಾಲದ ಆ ಅಕ್ಷರಗಳ ಪಾಠವನ್ನು ನಾನೇ ಎಷ್ಟು ಮಕ್ಕಳಿಗೆ ಮಾಡಿದ್ದೆ — ಸಿಟ್ಟು ಒಂದು ಗಳಿಗೆ ಬಿಟ್ಟಿದ್ದರೆ ನೆನಪಾಗುತ್ತಿತ್ತು. ಚಿತ್ರದಲ್ಲಿ ಉರುಳೆಗಳ ಮೇಲೆ ಜಾಳಿಗೆ ಕೂತಿತ್ತು. ಪಕ್ಕದಲ್ಲಿ ಜಾಳಿಗೆಯಿಲ್ಲದ ಯಂತ್ರ, ಅದರ ಬಾಯಲ್ಲಿ ಒಂದು ಕೈ, ಕೈಯ ಮೇಲೆ ಕೆಂಪು ಗೀಟು. ಓದುವುದಕ್ಕೆ ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ, ನೋಡಿದ್ದರೆ ಸಾಕಿತ್ತು.

ಎಲ್ಲವನ್ನೂ ಅಳಿಸಿಹಾಕಿದೆ.

ಆಕೆಗೆ ಬೈದು ಬರೆ ಎಂದು ಕಾಕಾ ಹೇಳಿದರು. ಬರೆದೆನೆಂದೆ, ಬರೆಯಲಿಲ್ಲ. ಸ್ವಲ್ಪ ದಿನಕ್ಕೆ ಲಿನ್ ತಾನಾಗಿಯೇ ಕೇಳಿದ್ದಳು, ಚಿತ್ರ ತೆರೆಯಿತೇ, ಯಂತ್ರ ಚೆನ್ನಾಗಿ ನಡೆಯುತ್ತಿದೆಯೇ ಎಂದು. ಅದಕ್ಕೂ ಉತ್ತರ ಕೊಡಲಿಲ್ಲ. ವೈರಸ್ಸಿನ ಭಯದಿಂದ ತೆರೆಯಲಿಲ್ಲವೆಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ಬೇಜಾರಾಗಿತ್ತು, ಅಷ್ಟೆ.

ಕಾಕಾ ತೀರಿಕೊಂಡ ಮೇಲೆ, ಹೋದ ಚಳಿಗಾಲದಲ್ಲಿ, ಕುಲಗೋಡಕ್ಕೆ ಹೋಗಿ ಕಾಕುವಿಗೆ ಹೇಳಿದೆ. ಅವರು ಅವರೆಕಾಯಿ ಸುಲಿಯುತ್ತಿದ್ದರು. ಎಲ್ಲ ಕೇಳಿ, ಕೈಯಲ್ಲಿದ್ದ ಕಾಯಿಯನ್ನು ಬುಟ್ಟಿಗೆ ಹಾಕಿದರು.

“ನನಗ್ಯಾಕ ಹೇಳಾಕತ್ತಿ?” ಎಂದರು. “ಇದ್ದಾಗ ನಿಮ್ಮ ಕಾಕಾಗ ಹೇಳಬೇಕಿತ್ತು. ಯಾರದೋ ಮಾತ ಕೇಳಿ ನಿನ್ನ ಕೈ ತಗದೆ ಅಂತ, ನಾ ನೀಡಿದಾಗೊಮ್ಮೆ ತಲಿ ತಗ್ಗಿಸಿ ಉಣ್ಣತಿದ್ರು. ಹಂಗ ಹೋದರು.”

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೈ ಅಡ್ಡ ಮಾಡಿದರು.

“ಸಂಜಿಗೆ ಹುಡುಗರು ಹೊಲದಿಂದ ಬರತಾರ. ಇವತ್ತಿಗೂ ಅವರಪ್ಪನ್ನ ಬೈತಾರ. ಅವರ ಮುಂದ ಹೇಳು.”

ನಾನು ಮರಳಬೇಕಿದ್ದ ಗೋಕಾಕದ ಬಸ್ಸು ಬಂದು ಹೋದ ಸದ್ದು ಕೇಳಿತು. ನಾನು ಚೀಲ ಕೆಳಗಿಟ್ಟು ಅಲ್ಲೇ ಕೂತೆ.